ಬೋದಿಲಳ ಅಂಗಡಿಯ ಹಲಗೆ

ಕೋಪನ್‌ಹೇಗನ್ನಿನ ಹಳೇ ಬಂದರಿನ ಓಣಿಯಲ್ಲಿ
ಸತ್ತ ಗಂಡನ ಔಷಧಿ ಅಂಗಡಿಯನ್ನು
ಬೋದಿಲ್ ಒಬ್ಬಳೇ ತೆರೆಯುತ್ತಾಳೆ.
ಬಾಗಿಲ ಮೇಲೆ ತೂಗುವ ಹಲಗೆಯಲ್ಲಿ ಬಿಳಿ ಕುದುರೆ,
ಆಡಿನ ಗಡ್ಡ, ಸೀಳು ಗೊರಸು,
ಹಣೆಯಲ್ಲಿ ಹುರಿಗೊಂಡ ಹಗ್ಗದಂಥ ಒಂದು ಕೊಂಬು;
ಕೆಳಗೆ ಗಂಡ ಬರೆಸಿದ ಅಕ್ಷರ: ಎನ್‌ಯೋರ್ನಿಂಗ್.
ಕಡಲಗಾಳಿಗೆ ಬಣ್ಣ ಹೋಗಿ
ಕುದುರೆ ಮಸುಕು, ಕೊಂಬು ಮಾತ್ರ ಉಳಿದಿದೆ.

ಒಳಗೆ ಮೂರು ಬೀಗದ ಪೆಟ್ಟಿಗೆಯಲ್ಲಿ ಇನ್ನೂ ಒಂದು ಮೊಳ ಇದೆ.
ಚಿನ್ನಕ್ಕಿಂತ ಹತ್ತು ಪಟ್ಟು ಬೆಲೆಗೆ ಕೊಂಡದ್ದು,
ಅರ್ಧ ಹಣ ಇನ್ನೂ ಬಾಕಿ.
ಅರದಲ್ಲಿ ಉಜ್ಜಿ, ಗುಲಗಂಜಿ ತೂಕದ ಪುಡಿ, ದ್ರಾಕ್ಷಾರಸದಲ್ಲಿ ಕದಡಿ:
ವಿಷಕ್ಕೆ, ಜ್ವರಕ್ಕೆ,
ಹೆಸರು ಗೊತ್ತಿಲ್ಲದ ಎಲ್ಲ ಬೇನೆಗೆ.

ಈ ವಾರ ವಿಶ್ವವಿದ್ಯಾಲಯದ ಕಡೆಯಿಂದ ಸುದ್ದಿ ಹೊರಟಿದೆ.
ಅದು ಕೊಂಬಲ್ಲವಂತೆ, ಹಲ್ಲಂತೆ.
ಕುದುರೆಯದಲ್ಲವಂತೆ, ಮೀನಿನದಂತೆ.
ತಲೆಬುರುಡೆ ಸಮೇತ ಮೇಜಿನ ಮೇಲಿಟ್ಟು
ಹುಡುಗರಿಗೆಲ್ಲ ತೋರಿಸಿದರಂತೆ.

ಬೋದಿಲ್ ಐಸ್‌ಲ್ಯಾಂಡಿನ ಇಲ್ಲುಗಿಯನ್ನು ಹಡಗುಕಟ್ಟೆಯಲ್ಲೇ ಹಿಡಿದಳು.
ಗಂಡನಿಗೆ ಸರಕು ತರುತ್ತಿದ್ದವನು ಅವನೇ.
"ನಿಮ್ಮ ಕಡೆ ಇದಕ್ಕೇನಂತೀರಿ?"
ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.
"ನಾಹ್ವಾಲುರ್."
"ಅಂದರೆ?"
"ಹೆಣ-ತಿಮಿಂಗಿಲ. ಅದರ ಮೈ ಹಾಗಿರುತ್ತೆ,
ಮೂರು ದಿನ ನೀರಲ್ಲಿ ತೇಲಿದವನ ಚರ್ಮದ ಹಾಗೆ,
ಬೂದಿ ಬಣ್ಣ, ಅಲ್ಲಲ್ಲಿ ಕಲೆ."
"ಅದನ್ನು ಹೊಡೆಯುತ್ತಾರಲ್ಲ, ಇನ್ನೂ ಮೇಲೆ, ಹಿಮದವರು?"
"ಅವರು ಹಲ್ಲುಳ್ಳದ್ದು ಅಂತಾರೆ. ಅಷ್ಟೇ."
"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"
"ನೀವು ಹೆಸರು ಯಾವತ್ತು ಕೇಳಿದಿರಿ ತಾಯಿ,
ಬೆಲೆ ಕೇಳಿದಿರಿ."

ಒಂದೇ ಮೈ. ತೆಂಕಣವರಿಗೆ ಕನ್ಯೆಯ ಮಡಿಲಲ್ಲಿ ತಲೆಯಿಡುವ ಮೃಗ,
ಬಡಗಣವರಿಗೆ ಹೆಣ.
ನಡುವೆ ಎಲ್ಲೋ, ಯಾವುದೋ ಹಡಗಿನ ಹೊಟ್ಟೆಯಲ್ಲಿ
ಹೆಸರು ಬಟ್ಟೆ ಬದಲಿಸಿತು.

ಮೆಣಸಿನ ವ್ಯಾಪಾರಿ ಕಾರ್ದೋಜೋ ಬಂದಾಗ ಕೇಳಿದಳು,
"ಚರ್ಚಿನಲ್ಲೂ ಓದುತ್ತಾರಲ್ಲ, ಅದರ ಬಲದ ಬಗ್ಗೆ?"
ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.
"ನಮ್ಮ ಹಿರಿಯರ ನುಡಿಯಲ್ಲಿ ಅದು ರೆಏಮ್.
ಕಾಡುಗೂಳಿ, ನೊಗಕ್ಕೆ ಬಗ್ಗದ್ದು. ಎರಡು ಕೊಂಬು.
ಅಲೆಕ್ಸಾಂಡ್ರಿಯಾದಲ್ಲಿ ಕೂತು ಗ್ರೀಕಿಗೆ ತಿರುಗಿಸಿದವರು
ಆ ಗೂಳಿಯನ್ನು ಕಂಡವರಲ್ಲ ಅಂತ ಕಾಣುತ್ತೆ.
ಮೊನೊಕೆರೋಸ್ ಅಂತ ಬರೆದರು, ಒಂದೇ ಕೊಂಬಿನದು.
ಸಾಗಾಟದಲ್ಲಿ ಒಂದು ಮುರಿಯಿತು.
ಸರಕಿನ ಪಾಡು ನಿಮಗೆ ಗೊತ್ತಲ್ಲ."

ನಾನು ಇದನ್ನು ಬರೆಯುವ ಭಾಷೆಯಲ್ಲಿ
ಇಲ್ಲದ್ದನ್ನು ಮೊಲದ ಕೊಂಬು ಅನ್ನುತ್ತಾರೆ;
ಮೆರೆಯುವವನನ್ನು, ನಿನಗೇನು ಕೊಂಬು ಬಂದಿದೆಯಾ.
ಇನ್ನು, ಕೊಂಬು ಎಂದು ಬರೆದು ನೋಡಿ:
ಕೊನೆಯ ಅಕ್ಷರಕ್ಕೆ ಮಾತ್ರ ಕೊಂಬು. ಒಂದೇ.
ಬಳಪ ಹಿಡಿದ ಪ್ರತಿ ಮಗುವೂ ಆ ಮೃಗವನ್ನು
ಸ್ಲೇಟಿನ ಮೇಲೆ ಒಮ್ಮೆ ಸಾಕಿ, ಎಂಜಲಿನಿಂದ ಅಳಿಸಿದೆ.
ಬೋದಿಲ್‌ಗೆ ಇದು ಗೊತ್ತಿಲ್ಲ.
ಗೊತ್ತಿದ್ದರೂ ಬಾಕಿ ತೀರುತ್ತಿರಲಿಲ್ಲ.

ಆ ರಾತ್ರಿ ಹಗ್ಗ ಹೊಸೆಯುವ ಎಸ್ಕಿಲ್ ಬಾಗಿಲು ಬಡಿದ.
ಮಗಳಿಗೆ ಮೂರು ದಿನದ ಜ್ವರ,
ನಾರು ಅಂಟಿದ ಅಂಗೈಯಲ್ಲಿ ತಾಮ್ರದ ಕಾಸು.
"ಅದು ಮೀನಿನ ಹಲ್ಲು, ಎಸ್ಕಿಲ್."
"ಊರೆಲ್ಲ ಅದೇ ಮಾತು, ಕೇಳಿದೀನಿ.
ಅವಳು ಕೇಳ್ತಿರೋದು ಕುದುರೆಯದ್ದು."

ಬೋದಿಲ್ ಪೆಟ್ಟಿಗೆಯ ಮೊದಲ ಬೀಗ ತೆಗೆದಳು, ಎರಡನೆಯದು ತೆಗೆದಳು,
ನಿಂತಳು.
ಮತ್ತೆ ಎರಡನ್ನೂ ಹಾಕಿ,
ಕೆಳಗಿನ ಕಪಾಟಿನಿಂದ ನೀರಹಬ್ಬೆಯ ಒಣ ತೊಗಟೆ ತೆಗೆದು
ಕುಟ್ಟಿದಳು, ಜೇನು ಸೇರಿಸಿದಳು, ಪೊಟ್ಟಣ ಕಟ್ಟಿದಳು.
ಮಸಿಯಲ್ಲಿ ಲೇಖನಿ ಅದ್ದಿ
ಪೊಟ್ಟಣದ ಮೇಲೆ ನಿಧಾನವಾಗಿ, ಗಂಡನ ಅಕ್ಷರದ ಹಾಗೇ, ಬರೆದಳು:
ಎನ್‌ಯೋರ್ನಿಂಗ್.

ತೊಗಟೆಗೆಷ್ಟೋ ಅಷ್ಟು ಕಾಸು ಇಟ್ಟುಕೊಂಡು
ಮಿಕ್ಕದ್ದು ಅವನ ಕೈಗೇ ಹಾಕಿದಳು.
ಓಣಿಯ ಕೊನೆಯವರೆಗೂ ಅವನು ಓಡುವ ಸಪ್ಪಳ,
ಗಾಳಿಗೆ ಕಿರುಗುಟ್ಟುವ ಹಲಗೆ.